ದುಂಡೇಶನ ಅಡ್ಡಗೆರೆ

ವಧು-ವರ ಮೇಳಾವಾಕ್ಕೆ ತಾನು ಎಂದೂ ಹೆಸರು ಕೊಡುವುದಿಲ್ಲವೆಂದು ದುಂಡೇಶ ಮಗದುಮ್ ಒಮ್ಮೆ ಚಿಂಚಲಿಯ ಕಟಿಂಗ್ ಅಂಗಡಿಯಲ್ಲಿ, ಅರ್ಧ ಗಡ್ಡ ಕೆರೆಸಿಕೊಂಡ ಸ್ಥಿತಿಯಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಿದ್ದ. “ಅದೇನ ದನದ ಸಂತಿ ಏನ್ರಿ? ಮೈಕಿನ್ಯಾಗ ಹೆಸರ ಕೂಗೂದು, ನಾವು ಎದ್ದ ನಿಂತ ಮೈ ತೋರಿಸೂದು! ನನಗ ಹೆಣ್ಣ ಕೊಡೋರು ನನ್ನ ಬಾಗಲಕ್ಕ ಬರ್ತಾರ.” ಅಂಗಡಿಯಲ್ಲಿದ್ದವರೆಲ್ಲ ತಲೆ ಆಡಿಸಿದ್ದರು. ಕತ್ತಿ ಹಿಡಿದವನೂ ಹೌದೆಂದಿದ್ದ.

ಆಗ ಅವನಿಗೆ ಇಪ್ಪತ್ತೆಂಟು. ಈಗ ಮೂವತ್ತೈದು. ನಡುವಿನ ಕಾಲದಲ್ಲಿ ಅವನ ಬಾಗಿಲಿಗೆ ಬಂದವರು ಹಲವರು. ಕಬ್ಬು ಕಡಿಯುವ ಗ್ಯಾಂಗಿನವರು ಬಂದರು, ಕರೆಂಟ್ ಬಿಲ್ಲಿನವನು ಬಂದ, ದೇವಿಯ ಹೆಸರಿನಲ್ಲಿ ಜೋಳ ಕೇಳುವವರು ಬಂದರು. ಹೆಣ್ಣು ಕೊಡುವವರು ಮಾತ್ರ ಬರಲಿಲ್ಲ. ತಾನೇ ಹುಡುಕಿಕೊಂಡು ಹೋದ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ: “ನೌಕರಿ ಏನ್ರಿ?” ಕಬ್ಬು ಎಂದರೆ ಅವಲಕ್ಕಿಯ ತಾಟು ಬರುತ್ತಿತ್ತು, ಹುಡುಗಿ ಬರುತ್ತಿರಲಿಲ್ಲ. ತಾಯಿ ಸಕ್ಕುಬಾಯಿ ದಿನಕ್ಕೊಂದು ಸಲ ನಿಟ್ಟುಸಿರು ಬಿಡುತ್ತಿದ್ದಳು. ಅದೂ ಮಗ ತುತ್ತು ಬಾಯಿಗಿಡುವ ಹೊತ್ತಿಗೇ.

ಹೀಗಿರುವಾಗ ನಿಪ್ಪಾಣಿಯ ಮೇಳಾವಾ ಸಮಿತಿಯವರು ಈ ಸಲ ಹೆಸರು ನೋಂದಾಯಿಸುವುದೆಲ್ಲ ಮೊಬೈಲಿನಲ್ಲೇ ಎಂದು ಲಿಂಕ್ ಕಳಿಸಿದರು. ಪೇಟೆಗೆ ಹೋಗಿ ಯಾರ ಮುಂದೂ ಕೂರಬೇಕಾಗಿಲ್ಲ, ಕಟಿಂಗ್ ಅಂಗಡಿಯವರಿಗೆ ಗೊತ್ತಾಗುವುದಿಲ್ಲ. ದುಂಡೇಶ ಮೋಟಾರು ಚಾಲೂ ಮಾಡುವ ನೆಪದಲ್ಲಿ ಹೊಲಕ್ಕೆ ಹೋದ. ಪಂಪಿನ ಶೆಡ್ಡಿನ ಹಿಂದೆ, ಕಬ್ಬಿನ ಮರೆಯಲ್ಲಿ, ಕಳ್ಳತನ ಮಾಡುವವನಂತೆ ಕುಕ್ಕರುಗಾಲಿನಲ್ಲಿ ಕುಳಿತು ಲಿಂಕ್ ಒತ್ತಿದ.

ಮೊದಲ ಖಾನೆಯಲ್ಲೇ ಜಗಳ ಶುರುವಾಯಿತು. ಹೆಸರಿನ ಖಾನೆಯಲ್ಲಿ ಅಪ್ಪನ ಹೆಸರಿನ ಮೊದಲಕ್ಷರದ ಮುಂದೆ ಚುಕ್ಕಿ ಇಡಲು ಹೋದರೆ ಚುಕ್ಕಿ ಬೀಳಲೊಲ್ಲದು. ಕೆಳಗೆ ಕೆಂಪಕ್ಷರ ಮೂಡಿತು: ಅಕ್ಷರಗಳು ಮಾತ್ರ. ಇರಲಿ, ಚುಕ್ಕಿ ಇಲ್ಲದ್ದಕ್ಕೆ ಅಪ್ಪ ಅಪ್ಪನಲ್ಲದೆ ಹೋಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡು ಮುಂದೆ ಹೋದ. ಶಿಕ್ಷಣದ ಖಾನೆಯಲ್ಲಿ ‘ಪಿಯುಸಿ’ ಎಂದು ಬರೆದು, ಪಕ್ಕದಲ್ಲಿ ಕಂಸದೊಳಗೆ ಸಣ್ಣದಾಗಿ, ಮರ್ಯಾದೆಯಿಂದ, ‘ನಾಪಾಸ’ ಎಂದು ಬರೆಯಹೊರಟ. ಕಂಸಕ್ಕೂ ಪ್ರವೇಶವಿಲ್ಲ. ಬರಿ ನಾಪಾಸ ಎಂಬುದು ಬಟ್ಟೆ ಇಲ್ಲದೆ ನಿಂತಂತೆ ಕಂಡಿತು. ಅಳಿಸಲೋ ಬೇಡವೋ ಎಂದು ಅವನು ಯೋಚಿಸುತ್ತಿರುವಾಗಲೇ ಖಾನೆಯ ಪಕ್ಕದಲ್ಲಿ ಹಸಿರು ಬಣ್ಣದ ಸರಿ ಗುರುತು ಬಂತು. ಕಾಲೇಜು ಬಿಟ್ಟ ಮೇಲೆ ಅವನಿಗೆ ಸಿಕ್ಕ ಮೊದಲ ಸರಿ ಗುರುತು ಅದು. ಅಳಿಸುವ ಮನಸ್ಸಾಗಲಿಲ್ಲ.

ಆಮೇಲೆ ಬಂತು ಜಮೀನಿನ ಖಾನೆ.

ದುಂಡೇಶನ ಜಮೀನು ಎರಡು ಎಕರೆ ಇಪ್ಪತ್ತು ಗುಂಟೆ. ಅದನ್ನು ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೇಗೆ ಬರೆಯುತ್ತಾರೆಂದು ನಮ್ಮ ಕಡೆಯ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ: ಎರಡು, ಒಂದು ಅಡ್ಡಗೆರೆ, ಇಪ್ಪತ್ತು. ದುಂಡೇಶ 2 ಒತ್ತಿದ, ಬಂತು. ಅಡ್ಡಗೆರೆ ಒತ್ತಿದ, ಬರಲಿಲ್ಲ. ಜೋರಾಗಿ ಒತ್ತಿದ. ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಒತ್ತಿದ. ‘ಅಂಕಿಗಳು ಮಾತ್ರ’ ಎಂದು ಕೆಂಪಕ್ಷರ ಗದರಿತು. ಚುಕ್ಕಿ ಇಟ್ಟು ನೋಡಿದ, ನಡುವೆ ಜಾಗ ಬಿಟ್ಟು ನೋಡಿದ, ‘ಗುಂ’ ಎಂದು ಬರೆದು ನೋಡಿದ. ಆ ಖಾನೆ ಯಾವುದಕ್ಕೂ ಜಗ್ಗಲಿಲ್ಲ.

ಅವನು ಪ್ರಾಮಾಣಿಕವಾಗಿ ಚಿಂತೆ ಮಾಡಿದ. ಬರಿ ಎರಡು ಎಂದು ಬರೆದರೆ ಅಜ್ಜ ಬಾವಿ ತೋಡಿದ ಇಪ್ಪತ್ತು ಗುಂಟೆ ಎಲ್ಲಿ ಹೋಯಿತು? ಮೂರು ಎಂದು ಬರೆದರೆ ಇಪ್ಪತ್ತು ಗುಂಟೆಯಷ್ಟು ಸುಳ್ಳು. ಲಗ್ನದಂಥ ವಿಷಯವನ್ನು ಸುಳ್ಳಿನಿಂದ ಶುರು ಮಾಡಬಾರದು. ಹಾಗೆಂದು 2ರ ಪಕ್ಕ 20 ಒತ್ತಿದ. 220 ಆಯಿತು. ಒಂದು ಗುಂಟೆ ಹೆಚ್ಚಿಲ್ಲ, ಒಂದು ಗುಂಟೆ ಕಡಿಮೆಯಿಲ್ಲ, ಗೆರೆಯೊಂದಿಲ್ಲ, ಅಷ್ಟೇ. ಓದುವವರಿಗೆ ಬುದ್ಧಿ ಇರುವುದಿಲ್ಲವೇ, ಅವರೇ ಹಾಕಿಕೊಳ್ಳುತ್ತಾರೆ. ಹಸಿರು ಗುರುತು ಬಂತು. ಸಲ್ಲಿಸಿ ಎಂಬುದನ್ನು ಒತ್ತಿದ. ‘ಮಾಹಿತಿ ಸ್ವೀಕರಿಸಲಾಗಿದೆ. ಇನ್ನು ತಿದ್ದಲು ಬರುವುದಿಲ್ಲ’ ಎಂದು ಮೂಡಿತು. ಆ ಕೊನೆಯ ಸಾಲನ್ನು ಅವನು ಎರಡು ಸಲ ಓದಿ, ಮೊಬೈಲು ಕಿಸೆಗಿಟ್ಟು, ಮೋಟಾರು ಚಾಲೂ ಮಾಡಿದ.

ಹೆಸರು ಕೊಟ್ಟವರ ಯಾದಿ ಮೊಬೈಲಿನಲ್ಲಿ ಹೊರಬಿದ್ದ ದಿನ ಮುಂಜಾನೆ, ಬದುವಿನ ಆಚೆಯ ಹೊಲದ ಸಿದ್ದಲಿಂಗ ಚಹಾಕ್ಕೆಂದು ಬಂದ. ಬಂದವನು ದಿನದಂತೆ ಹೊರಸಿನ ಮೇಲೆ ಕೂರದೆ ನಿಂತೇ ಇದ್ದ.

“ಕುಂದರೋ,” ಅಂದ ದುಂಡೇಶ.

“ಇಲ್ಲ ಬಿಡ್ರಿ,” ಅಂದ ಸಿದ್ದಲಿಂಗ. ಸಣ್ಣಂದಿನಿಂದ ‘ಲೇ ದುಂಡ್ಯಾ’ ಎನ್ನುತ್ತಿದ್ದವನ ಬಾಯಿಂದ ‘ರಿ’ ಬಂದದ್ದು ಕೇಳಿ ದುಂಡೇಶ ಕೈಯಲ್ಲಿದ್ದ ಚಹಾದ ಬಟ್ಟಲು ಕೆಳಗಿಟ್ಟ. ಸಿದ್ದಲಿಂಗ ಮೊಬೈಲು ಮುಂದೆ ಹಿಡಿದ. ದುಂಡೇಶನ ಫೋಟೋ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ: ಜಮೀನು 220 ಎಕರೆ. “ಇಷ್ಟ ವರ್ಷ ಮಣ್ಣ ಎಳ್ಯಾಕ ನನ್ನ ಸನಿಕಿ ಎರವಲ ಒಯ್ದೀ. ಇನ್ನೂರಾ ಇಪ್ಪತ್ತ ಎಕರೇದಾಂವ ಒಂದ ಸನಿಕಿ ತಗೊಳ್ಳಾಕ ಆಗಲಿಲ್ಲೇನಪಾ ನಿನಗ?”

“ಲೇ ಹುಚ್ಚಾ, ಅದು ಎರಡ ಇಪ್ಪತ್ತೋ! ಗೆರಿ ಬೀಳಲಿಲ್ಲ!”

ಸಿದ್ದಲಿಂಗ ಹೊಟ್ಟೆ ಹಿಡಿದುಕೊಂಡು ಹೊರಸಿನ ಮೇಲೆ ಬಿದ್ದು ನಗತೊಡಗಿದ. ಅವನ ನಗು ಮುಗಿಯುವುದರೊಳಗೆ ದುಂಡೇಶನ ಫೋನು ರಿಂಗಾಯಿತು.

ಅಥಣಿ ಕಡೆಯ ಯಾರೋ ಹಿರಿಯರು. ಅವರ ಅಳಿಯನ ತಂಗಿಗೆ ವರ ನೋಡುತ್ತಿದ್ದಾರಂತೆ. ದುಂಡೇಶ ಉಗುಳು ನುಂಗಿ, “ಮೊದಲ ಒಂದ ಮಾತ ಹೇಳ್ತೇನ್ರಿ. ಜಮೀನು ಟೂ ಟ್ವೆಂಟಿ ಐತ್ರಿ,” ಅಂದ. ಇಂಗ್ಲಿಷಿನಲ್ಲಿ ಹೇಳಿದರೆ ಸ್ಪಷ್ಟವಾದೀತೆಂದು ಅವನ ಲೆಕ್ಕ.

“ಹೌದ್ರಿ, ಟೂ ಟ್ವೆಂಟಿ. ನಾವೂ ಅದನ್ನ ಓದೇವಿ.”

“ಹಂಗಲ್ರಿ. ಎರಡ ಎಕರೆ, ಮ್ಯಾಲ ಇಪ್ಪತ್ತ ಗುಂಟೆ.”

ಆಚೆಯವರು ಮೆಲ್ಲಗೆ ನಕ್ಕರು. “ತಿಳೀತ್ರಿ, ತಿಳೀತು. ಫೋನಿನ್ಯಾಗ ಎಲ್ಲಾ ಹೇಳಾಕ ಬರಂಗಿಲ್ಲ. ಈಗಿನ ಕಾಲ ಹಂಗೈತಿ. ನಮ್ಮ ಮಾವನೂ ಹಿಂಗ, ಯಾರ ಕೇಳಿದ್ರೂ ತೋಟ ಸಣ್ಣದೈತಿ ಅಂತಾನ. ದೊಡ್ಡ ಮಂದಿ ಲಕ್ಷಣ ಅದು.”

ಅವತ್ತು ಬಂದ ಫೋನುಗಳಿಗೆಲ್ಲ ಅವನು ನಿಜವನ್ನೇ ಹೇಳಿದ. ಹೇಳಿದಷ್ಟೂ ಅವನ ಬೆಲೆ ಏರಿತು. ಕಾಗವಾಡದ ಒಬ್ಬರಂತೂ ಅವನ ವಿನಯವನ್ನು ಕೇಳಿಸಲೆಂದು ಮನೆಯವರನ್ನೆಲ್ಲ ಫೋನಿನ ಹತ್ತಿರ ಕರೆದರು. ಮಧ್ಯಾಹ್ನದ ಹೊತ್ತಿಗೆ ಫೋನು ರಿಂಗಾದರೆ ಸಾಕು, ಅವನ ಅಂಗೈ ಬೆವರುತ್ತಿತ್ತು. ಕೊನೆಗೆ ಧೈರ್ಯ ಮಾಡಿ ಮೇಳಾವಾ ಸಮಿತಿಯ ಅಧ್ಯಕ್ಷ ತಾತ್ಯಾಸಾಹೇಬರಿಗೇ ಫೋನು ಹಚ್ಚಿದ.

“ನನ್ನ ಜಮೀನಿನ ಅಂಕಿ ಸ್ವಲ್ಪ ತಿದ್ದಬೇಕಾಗಿತ್ರಿ.”

“ಇನ್ನೂರಾ ಇಪ್ಪತ್ತೂ ಸಾಲಲಿಲ್ಲೇನ್ರಿ ನಿಮಗ?” ತಾತ್ಯಾಸಾಹೇಬರ ದನಿಯಲ್ಲಿ ಬೇಸರವಿತ್ತು.

“ಏರಿಸೂದಲ್ರಿ, ಇಳಸೂದು.”

“ಇಳಸೂದು?” ಅವರು ಫೋನು ಬಾಯಿಂದ ದೂರ ಹಿಡಿದು ಪಕ್ಕದವರಿಗೆ ಹೇಳಿದ್ದು ಕೇಳಿಸಿತು: “ಅಂವಾ ನೋಡ, ಇನ್ನೂರಾ ಇಪ್ಪತ್ತರಾಂವ. ಸರಕಾರಕ್ಕ ಹೆದರ್ಯಾನ, ಇಳಸಂತಾನ.” ಮತ್ತೆ ಫೋನಿಗೆ ಬಂದು, “ತಿದ್ದೂದು ಇಲ್ರಿ. ಹ್ವಾದ ವರ್ಷ ತಿದ್ದಾಕ ಬಿಟ್ಟಿದ್ವಿ. ಒಬ್ಬಾಂವ ಹುಡುಗ್ಯಾರ ಫೋಟೋ ನೋಡಿ ನೋಡಿ ದಿನಕ್ಕ ಎರಡೆರಡ ಎಕರೆ ಏರಿಸಿದಾ. ಏನ ಇದ್ರೂ ಬೀಗರ ಮುಂದ ಕುಂತ ಮಾತಾಡ್ರಿ,” ಎಂದು ಇಟ್ಟುಬಿಟ್ಟರು.

ಮರುದಿನ ದುಂಡೇಶನ ದೊಡ್ಡಪ್ಪನ ಮಗ ಅಣ್ಣಾಸಾಬ ಬಂದ. ಒಬ್ಬನೇ ಬರಲಿಲ್ಲ, ಅಳೆಯುವ ಟೇಪು ಹಿಡಿದುಕೊಂಡು ಬಂದ.

“ಅಜ್ಜ ಹಂಚಿದಾಗ ನನಗ ಎರಡ ಇಪ್ಪತ್ತ, ನಿನಗ ಎರಡ ಇಪ್ಪತ್ತ. ನಾ ಇನ್ನೂ ಅಲ್ಲೇ ಅದೇನಿ. ನೀ ಇನ್ನೂರಾ ಇಪ್ಪತ್ತಕ್ಕ ಹ್ಯಾಂಗ ಹ್ವಾದಿ?”

“ದಾದಾ, ಆಣಿ ಮಾಡ್ತೇನಿ, ಅದು ಮೊಬೈಲಿನ್ಯಾಗ—”

“ಮೊಬೈಲಿನ್ಯಾಗ ಹೊಲ ಬೆಳೀತೈತೇನ? ಗಡಿ ಆಚಿ ಮೀರಜ ಕಡೆ ಅಜ್ಜಂದು ಏನೋ ಇತ್ತಂತ ನಮ್ಮವ್ವ ಸಾಯೂ ಮುಂದ ಅಂದಿದ್ಲು. ನಾವು ವಾತದಾಗ ಏನೋ ಬಡಬಡಸ್ತಾಳ ಅಂತ ಬಿಟ್ವಿ.”

ಒಳಗೆ ಜೋಳ ಹಸನು ಮಾಡುತ್ತಿದ್ದ ಸಕ್ಕುಬಾಯಿಯ ಕೈ ನಿಂತಿತು. ಅವಳಿಗೆ ಗೆರೆಯ ಕತೆಯನ್ನು ದುಂಡೇಶ ಮೂರು ರೀತಿಯಲ್ಲಿ ಬಿಡಿಸಿ ಹೇಳಿದ್ದ. ಅವಳು ಹೂಂ ಹೂಂ ಎಂದಿದ್ದಳು. ಆದರೆ ಓಣಿಯ ಹೆಂಗಸರು ಹಿಂದಿನ ದಿನದಿಂದಲೇ ಅವಳನ್ನು ಕಟ್ಟೆಯ ಮೇಲೆ ಕೂರಿಸಿ ತಾವು ಕೆಳಗೆ ಕೂರತೊಡಗಿದ್ದರು. ಮನುಷ್ಯರ ಮನಸ್ಸಿಗೆ ಎತ್ತರದ ಜಾಗ ಬೇಗ ರೂಢಿಯಾಗುತ್ತದೆ. “ದುಂಡ್ಯಾ,” ಎಂದು ಅವಳು ಮಗನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು, “ನಿಮ್ಮಪ್ಪ ಏನಾರ ಹೇಳದ ಹೋಗಿರ್ತಾನೇನೋ? ಹೊಟ್ಟ್ಯಾಗ ಇಟಗೊಳ್ಳೂ ಮನಿಶ್ಯಾ ಅಂವ.”

ದುಂಡೇಶ ತಲೆ ಹಿಡಿದುಕೊಂಡು ಕೂತ. ಅಣ್ಣಾಸಾಬ ಹೊಲಕ್ಕಿಳಿದು ಬಿಸಿಲಲ್ಲಿ ಟೇಪು ಎಳೆದೇ ಎಳೆದ. ಸಿದ್ದಲಿಂಗ ಇನ್ನೊಂದು ತುದಿ ಹಿಡಿದಿದ್ದ. ಅಳತೆ ಮುಗಿದಾಗ ಉಳಿದ ಇನ್ನೂರಾ ಹದಿನೇಳೂವರೆ ಎಕರೆ ಎಲ್ಲೂ ಸಿಗಲಿಲ್ಲ. ಸಿಕ್ಕದ್ದು ಒಂದೇ ಸಂಗತಿ: ಅಣ್ಣಾಸಾಬನ ಬದು ವರ್ಷ ವರ್ಷ ಸರಿಯುತ್ತ ದುಂಡೇಶನ ಹೊಲದೊಳಗೆ ಎರಡು ಮಾರು ಬಂದು ಕೂತಿತ್ತು. ಅಣ್ಣಾಸಾಬ ಟೇಪು ಸುತ್ತಿದ. “ಬಿಸಲ ಭಾಳ ಆತು. ಉಳದದ್ದು ಮತ್ತ ಯಾವಾಗಾರ ನೋಡೂಣು,” ಎಂದು ಹೋದವನು ನೇರವಾಗಿ ಚಾವಡಿಗೆ ಹೋಗಿ, ದುಂಡೇಶ ಅಜ್ಜನ ಆಸ್ತಿ ಮುಚ್ಚಿಟ್ಟಿದ್ದಾನೆಂದು ತಕರಾರು ಅರ್ಜಿ ಕೊಟ್ಟ.

ಹಾಗಾಗಿ ಊರಿನ ಜಮೀನಿನ ಲೆಕ್ಕ ಬರೆಯುವ ತಲಾಟಿ ಸಾಹೇಬರು ಮೋಟರ್ ಸೈಕಲ್ ಮೇಲೆ ಬಂದರು. ದುಂಡೇಶ ಉತಾರ ತಂದು ಅವರ ಮುಂದಿಟ್ಟು, ಬೆರಳಿನಿಂದ ಅಡ್ಡಗೆರೆಯನ್ನು ತೋರಿಸಿದ. ಆ ಗೆರೆಯನ್ನು ಕಂಡು ಅವನಿಗೆ ಕಣ್ಣೀರೇ ಬರುವಂತಿತ್ತು.

“ಇದು ನಾ ಕೊಟ್ಟ ಉತಾರನ ಐತಿ,” ಅಂದರು ತಲಾಟಿ. “ನಿಂದು ಎರಡ ಇಪ್ಪತ್ತ ಅನ್ನೂದು ನನಗ ಗೊತ್ತೈತಿ.”

“ಹಂಗಾದ್ರ ಮುಗೀತಲ್ರಿ ಸಾಹೇಬ್ರ!”

“ಹ್ಯಾಂಗ ಮುಗೀತು? ತಕರಾರ ಬಂದೈತಿ. ತಕರಾರ ಬಂದ ಮ್ಯಾಲ ಗೊತ್ತಿದ್ದದ್ದೂ ಗೊತ್ತಿಲ್ಲದಂಗ ಆಗತೈತಿ. ಇನ್ನೂರಾ ಇಪ್ಪತ್ತ ಇದ್ರ ನೀ ಜಮೀನಿನ ಮಿತಿ ಕಾಯ್ದೆ ಮೀರಿದಂಗ. ರೇಶನ್ ಕಾರ್ಡ ಹೋಗತೈತಿ, ನಿಮ್ಮವ್ವನ ಪೆನ್ಶನ್ ಹೋಗತೈತಿ. ಇಲ್ಲಂದ್ರ, ಇಲ್ಲ ಅಂತ ಸ್ಟಾಂಪ್ ಪೇಪರ ಮ್ಯಾಲ ಬರದ ಕೊಡು. ಸೋಮವಾರದೊಳಗ ಕೊಡು. ಅಲ್ಲೀತನಕ ರೇಶನ್ ನಿಲ್ಲಸ್ತಾರ.” ಚಹಾ ಕುಡಿದು ಏಳುವಾಗ ಅವರು ದನಿ ತಗ್ಗಿಸಿದರು. “ಖರೇ ಹೇಳು, ಮೀರಜ ಕಡೆ ಏನೂ ಇಲ್ಲಲ್ಲ?”

ಮರುದಿನ ದುಂಡೇಶ ರಾಯಬಾಗಕ್ಕೆ ಓಡಿದ. ಕಚೇರಿ ಮುಂದಿನ ಟೈಪಿನವನು ಸಂಗತಿ ಕೇಳಿ ಕನ್ನಡಕ ತೆಗೆದಿಟ್ಟ. “ಐತಿ ಅಂತ ಬರಸಾಕ ಬರ್ತಾರ, ಅಣ್ಣಂದೂ ನಂದ ಅಂತ ಬರಸಾಕ ಬರ್ತಾರ. ಇಲ್ಲ ಅಂತ ಬರಸಾಕ ಬಂದಾಂವ ನೀನ ಮೊದಲನೇದಾಂವ. ನನ್ನ ಕಡೆ ಇದರ ನಮೂನಿನ ಇಲ್ಲ.” ಆದರೂ ಬರೆದುಕೊಟ್ಟ. ‘ದುಂಡೇಶ ಮಗದುಮ್ ಎಂಬ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ, ನನಗೆ ಇನ್ನೂರಾ ಇಪ್ಪತ್ತು ಎಕರೆ ಜಮೀನು ಈ ಭೂಮಿಯ ಮೇಲೆ ಎಲ್ಲಿಯೂ ಇರುವುದಿಲ್ಲ.’ ಕಾಗದ ತಂದರೆ ತಲಾಟಿ ಯಾವುದೋ ಮೀಟಿಂಗಿಗೆ ಹೋಗಿದ್ದರು. ಕಾಗದ ಅಂಗಿಯ ಕಿಸೆಯಲ್ಲೇ ಉಳಿಯಿತು.

ಮನೆಗೆ ಬಂದು ನೋಡಿದರೆ ಅಂಗಳದಲ್ಲಿ ಬಿಳಿ ಕಾರು ನಿಂತಿತ್ತು.

ಬಂದವರು ಭೋಜದ ರಾವಸಾಹೇಬ. ನಿಪ್ಪಾಣಿ ತಾಲೂಕಿನಲ್ಲಿ ಕಬ್ಬು, ತಂಬಾಕು ಎರಡೂ ಬೆಳೆಯುವ, ತಲೆಗೆ ಜರಿ ಅಂಚಿನ ಪಟಕ ಸುತ್ತುವ ಭಾರಿ ಮನುಷ್ಯ. ಜೊತೆಗೆ ಇಬ್ಬರು ತಮ್ಮಂದಿರು. ಫೋನು ಮಾಡದೆ ಬಂದಿದ್ದರು. ಫೋನು ಮಾಡಿ ಬಂದರೆ ಮನೆಯವರು ಮನೆಯನ್ನು ಸಿಂಗರಿಸಿಬಿಡುತ್ತಾರೆ, ನಿಜ ತಿಳಿಯುವುದಿಲ್ಲ ಎಂಬುದು ಅವರ ಸಿದ್ಧಾಂತ.

“ಮಗಳ ದೀಪಾಲಿ,” ಅಂದರು. “ನಿಪ್ಪಾಣ್ಯಾಗ ಕಂಪ್ಯೂಟರ್ ಕ್ಲಾಸಿನ್ಯಾಗ ಕಲಸ್ತಾಳ. ಬಂದ ವರಗೋಳ್ನೆಲ್ಲಾ ಬ್ಯಾಡ ಬ್ಯಾಡ ಅಂದಾಕಿ ಯಾದ್ಯಾಗ ನಿಮ್ಮ ಹೆಸರ ಮ್ಯಾಲ ಬಟ್ಟ ಇಟ್ಟಳು. ನನಗೂ ಆಶ್ಚರ್ಯ ಆತು. ನಡೀರಿ, ಹೊಲ ನೋಡೂಣು.”

“ಮಾಮಾ, ಹೊಲದ್ದು ಒಂದ ಮಾತ—”

“ನಡಕೋತ ಮಾತಾಡೂಣು.”

ಬದುವಿನ ಮೇಲೆ ನಿಂತು ರಾವಸಾಹೇಬರು ಕಣ್ಣು ಕಿರಿದು ಮಾಡಿದರು. ಕನ್ನಡಕ ಕಾರಿನಲ್ಲೇ ಉಳಿದಿತ್ತು. “ಎಲ್ಲೀತನಕ ನಿಮ್ಮದು?”

“ಅಲ್ಲೀತನಕ್ರಿ,” ಎಂದು ದುಂಡೇಶ ಬೆರಳಿನಿಂದ ಆಚೆ ಬದುವನ್ನು ತೋರಿಸಿದ. ರಾವಸಾಹೇಬರ ದೃಷ್ಟಿ ಬದುವಿನಲ್ಲಿ ನಿಲ್ಲಲಿಲ್ಲ. ಬೆರಳಿನ ನೇರಕ್ಕೆ ಹೋಗಿ, ಸಿದ್ದಲಿಂಗನ ಕಬ್ಬು ದಾಟಿ, ಮುಂದಿನವರ ಕಬ್ಬು ದಾಟಿ, ಹೊಳೆಯ ದಂಡೆಯ ಜಾಲಿ ಗಿಡಗಳ ತನಕ ಹೋಗಿ ನಿಂತಿತು.

“ಆಹಾ!” ಅಂದರು. ತಮ್ಮಂದಿರೂ “ಆಹಾ” ಅಂದರು.

“ಅಲ್ರಿ ಮಾಮಾ, ಅಷ್ಟ ದೂರ ಅಲ್ರಿ. ಇಲ್ಲೇ, ಇಲ್ಲೇ.”

ಆಗ ಸಿದ್ದಲಿಂಗ ಕಬ್ಬಿನೊಳಗಿಂದ ತಲೆ ಹೊರಹಾಕಿದ. ಗೆಳೆಯನ ಲಗ್ನದ ಮಾತು ನಡೆದಿದೆಯೆಂದು ಕಾರು ಕಂಡಾಗಲೇ ಅವನಿಗೆ ತಿಳಿದಿತ್ತು. ರಾವಸಾಹೇಬರು, “ಈ ಕಬ್ಬ ಯಾರದಪಾ?” ಎಂದು ಕೇಳಿದರು.

“ಅದೂ ಅವರದ ಬಿಡ್ರಿ,” ಅಂದ ಸಿದ್ದಲಿಂಗ, ತನ್ನ ಸ್ವಂತ ಕಬ್ಬಿನ ನಡುವೆ ನಿಂತು, ಎದೆ ತಟ್ಟದೆ, ತ್ಯಾಗದ ಯಾವ ಗುರುತೂ ಮುಖದ ಮೇಲೆ ತೋರದೆ. “ನಾವೆಲ್ಲಾ ಸುಮ್ನ ನೋಡ್ಕೊಂಡ ಇರೋರು.”

ದುಂಡೇಶನಿಗೆ ಕಾಲಿನ ಕೆಳಗಿನ ಎರಡು ಎಕರೆ ಇಪ್ಪತ್ತು ಗುಂಟೆಯೂ ಜಾರಿದಂತಾಯಿತು. ರಾವಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟರು. “ಇಷ್ಟ ಇದ್ದೂ ಹಂಚಿನ ಮನ್ಯಾಗ ಅದೀರಿ. ಸನಿಕಿ ನೋಡಿದ್ರ ಹಳೇದು. ನನಗ ಭಾಳ ಸೇರಿತು. ಐತವಾರ ಭೋಜಕ್ಕ ಬರ್ರಿ.” ಆ ಸನಿಕೆ ಕೂಡ ಸಿದ್ದಲಿಂಗನದೇ ಆಗಿತ್ತು.

ಕಾರು ಹೋದ ಮೇಲೆ ದುಂಡೇಶ ಸಿದ್ದಲಿಂಗನ ಕುತ್ತಿಗೆ ಹಿಡಿಯಲು ಹೋದ. “ಯಾಕಲೇ ಸುಳ್ಳ ಹೇಳಿದಿ?”

“ಮತ್ತೇನ, ನಿನ್ನ ಖರೇ ಯಾರ ನಂಬಾಕತ್ತಾರ?” ಅಂದ ಸಿದ್ದಲಿಂಗ.

ಭಾನುವಾರದ ತನಕ ದುಂಡೇಶನಿಗೆ ಅನ್ನ ರುಚಿಸಲಿಲ್ಲ. ಹೋಗದಿದ್ದರೆ ಅವಮಾನ, ಹೋದರೆ ಮೋಸ. ಫೋನಿನಲ್ಲಿ ಹೇಳಿದರೆ ವಿನಯವೆನ್ನುತ್ತಾರೆ. ಹೋಗಿ ಕಾಲು ಹಿಡಿದಾದರೂ ಎದುರಿಗೇ ಹೇಳಿಬಿಡಬೇಕು ಎಂದು ನಿರ್ಧರಿಸಿದ. ಸಕ್ಕುಬಾಯಿ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟಳು. ಸಿದ್ದಲಿಂಗ ಹಿರಿಯನ ಪಾತ್ರಕ್ಕೆಂದು ಟೊಪ್ಪಿಗೆ ಹಾಕಿದ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ನಿಪ್ಪಾಣಿಯಲ್ಲಿ ಮತ್ತೆ ಬದಲಿಸಿ, ನಿಂತುಕೊಂಡೇ ಭೋಜ ಮುಟ್ಟಿದರು.

“ಬಸ್ಸಿನ್ಯಾಗ ಬಂದ್ರಿ?” ರಾವಸಾಹೇಬರು ಪಡಸಾಲೆಯಲ್ಲಿ ಸೇರಿದ್ದ ತಮ್ಮ ಮನೆತನದ ಭಾವಕಿಯವರ ಕಡೆ ತಿರುಗಿದರು. “ನೋಡ್ರಿ. ಇನ್ನೂರಾ ಇಪ್ಪತ್ತ ಎಕರೆ ಇಟಗೊಂಡು ಬಸ್ಸಿನ್ಯಾಗ ಬಂದಾರ. ನಮ್ಮ ಹುಡುಗೋರು ಎರಡ ಎಕರೆ ಇದ್ರ ಬುಲೆಟ್ ಇಲ್ಲದ ಸಂಡಾಸಕ್ಕೂ ಹೋಗಂಗಿಲ್ಲ.”

“ಮಾಮಾ, ಆ ಯಾದ್ಯಾಗ—” ಎಂದು ದುಂಡೇಶ ಬಾಯಿ ತೆರೆದ. ತೆರೆದ ಬಾಯಿಗೆ ಯಾರೋ ಕಾಕಾ ಅವಲಕ್ಕಿ ಚೂಡಾದ ತಾಟು ಹಿಡಿದರು. ಅದು ಮುಗಿಯುವಷ್ಟರಲ್ಲಿ ಲಾಡು ಬಂತು. ಬಾಯಿ ಖಾಲಿಯಾದಾಗ ರಾವಸಾಹೇಬರು ಮಾತಾಡುತ್ತಿದ್ದರು, ರಾವಸಾಹೇಬರು ಸುಮ್ಮನಾದಾಗ ಬಾಯಿ ತುಂಬಿರುತ್ತಿತ್ತು. ಕಿಸೆಯಲ್ಲಿನ ಕಾಗದ ಬೆವರಿಗೆ ಮೆತ್ತಗಾಗುತ್ತಿತ್ತು.

ಕೊನೆಗೆ ದೀಪಾಲಿ ಚಹಾ ತಂದಳು. ಮೂವತ್ತರ ಆಚೀಚೆಯ ಹೆಣ್ಣುಮಗಳು, ತಲೆ ಬಗ್ಗಿಸುವ ಗೋಜಿಗೆ ಹೋಗಲಿಲ್ಲ. ದುಂಡೇಶನನ್ನು ನೇರವಾಗಿ ನೋಡಿದಳು. ಹಿರಿಯರು, “ಇಬ್ಬರೂ ಒಂದೆರಡ ಮಾತಾಡ್ರಿ” ಎಂದು ಹಿತ್ತಿಲ ಕಡೆಗೆ ಕಳಿಸಿದರು. ತಂಬಾಕು ಒಣಗಿಸುವ ಚಪ್ಪರದ ಕೆಳಗೆ ನಿಂತದ್ದೇ ತಡ, ದುಂಡೇಶ ಹೆಸರು ಕೇಳಲಿಲ್ಲ, ಕ್ಷೇಮ ಕೇಳಲಿಲ್ಲ.

“ನನಗ ಎರಡ ಎಕರೆ ಇಪ್ಪತ್ತ ಗುಂಟೆ ಐತ್ರಿ. ಮೀರಜ ಕಡೆ ಏನೂ ಇಲ್ಲ. ಆ ಕಬ್ಬ ಸಿದ್ದಲಿಂಗಂದು. ನಾ ಗೆರಿ ಒತ್ತಿದೆನ್ರಿ, ದೇವರಾಣಿ ಒತ್ತಿದೆ, ಗೆರಿ ಬೀಳಲಿಲ್ಲ.”

“ಗೊತ್ತೈತ್ರಿ,” ಅಂದಳು ದೀಪಾಲಿ. “ಗೆರಿ ಬೀಳದಂಗ ಮಾಡಿದಾಕಿ ನಾನ.”

ದುಂಡೇಶ ಚಪ್ಪರದ ಗೂಟ ಹಿಡಿದುಕೊಂಡ.

“ಆ ಫಾರ್ಮ್ ನಾ ಮಾಡಿದ್ದು. ತಾತ್ಯಾಸಾಹೇಬ್ರು ಮಾಡಿಕೊಡು ಅಂದಿದ್ರು. ಹ್ವಾದ ವರ್ಷ ಕಾಗದದ ಮ್ಯಾಲ, ಜಮೀನಿನ ಖಾನ್ಯಾಗ ಏನ ಬೇಕಾದ್ದ ಬರ್ಯಾಕ ಬಿಟ್ಟಿದ್ವಿ. ಒಬ್ಬಾಂವ ‘ಬೇಕಾದಷ್ಟ ಐತಿ’ ಅಂತ ಬರದಾ. ಒಬ್ಬಾಂವ ‘ಅಣ್ಣನ ಕೂಡ ಕೋರ್ಟಿನ್ಯಾಗ ಐತಿ’ ಅಂತ. ಒಬ್ಬಾಂವ ಬರೇ ಟ್ರ್ಯಾಕ್ಟರ್ ಚಿತ್ರ ಹಾಕಿದಾ. ಅದಕ್ಕ ಈ ಸಲ ಅಂಕಿ ಬಿಟ್ಟ ಏನೂ ಒತ್ತಾಕ ಬರದಂಗ ಮಾಡಿದೆ. ಗುಂಟೇದ ನೆನಪ ನನಗ ಉಳೀಲಿಲ್ಲ. ತಪ್ಪ ನಂದೈತಿ.”

“ಹಂಗಾದ್ರ ನಿಮಗ ಮೊದಲ ಗೊತ್ತಿತ್ತು?”

“ಯಾದಿ ನೋಡಿದ ಕೂಡ್ಲೇ ಗೊತ್ತಾತು. ಐದ, ಹತ್ತ, ಹದಿನೈದ, ಇಪ್ಪತ್ತ, ಎಲ್ಲಾರೂ ಇಂಥಾವ ಬರದಾರ. ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ, ಇಷ್ಟೂ ಕಡೆ ಯಾರ ಹೊಲಕ್ಕೂ ಒಂದ ಗುಂಟೆ ಇಲ್ಲ ನೋಡ್ರಿ. ಎಲ್ಲಾರೂ ಏರಿಸಿ ಏರಿಸಿ ಸಮ ಮಾಡ್ಯಾರ. ಗುಂಟೆ ಬಿಡದಂಗ ಬರದೋರು ನೀವೊಬ್ಬರ. ನಾಪಾಸ ಅಂತ ಬರದೋರೂ ನೀವೊಬ್ಬರ.” ಅವಳ ತುಟಿಯ ತುದಿ ಸ್ವಲ್ಪ ಬಿರಿಯಿತು. “ಇಷ್ಟ ಹೆಡ್ಡತನದಾಗ ಖರೇ ಹೇಳೋ ಮನಿಶ್ಯಾನ್ನ ಒಮ್ಮೆ ನೋಡಬೇಕ ಅನಸ್ತು.”

“ಮತ್ತ ಮಾಮಾಗ ಯಾಕ ಹೇಳಲಿಲ್ರಿ?”

“ಎರಡ ಇಪ್ಪತ್ತ ಅಂದಿದ್ರ ಅಪ್ಪ ಕಾರ ತಗೀತಿರಲಿಲ್ಲ,” ಅಂದಳು. ಆಮೇಲೆ ಗಂಭೀರವಾದಳು. “ನಾ ನೌಕರಿ ಬಿಡಂಗಿಲ್ರಿ. ಮದವಿ ಆದ್ರೂ ಕ್ಲಾಸಿಗೆ ಹೋಗಾಕಿ. ಅದು ನಡೀತೈತೇನು?”

ಏಳು ವರ್ಷಗಳಲ್ಲಿ ಯಾವ ಹುಡುಗಿಯೂ ಅವನಿಗೆ ಷರತ್ತು ಹಾಕುವಷ್ಟು ಹತ್ತಿರ ಬಂದಿರಲಿಲ್ಲ. “ನಡೀತೈತ್ರಿ,” ಅಂದ. ಸ್ವಲ್ಪ ತಡೆದು, “ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಿಡಾಕ ಗಾಡಿ ಐತಿ. ಹಳೇದೈತಿ, ಕಿಕ್ ಹೊಡೀಬೇಕು,” ಎಂದು ಸೇರಿಸಿದ. ಇನ್ನೇನನ್ನೂ ಮುಚ್ಚಿಡಬಾರದೆಂಬ ಭಯ ಅವನನ್ನು ಹಿಡಿದಿತ್ತು.

“ಹಂಗಾದ್ರ ಒಳಗ ಹೋಗಿ ಅಪ್ಪಗ ನೀವ ಹೇಳ್ರಿ.”

ಅವನು ಪಡಸಾಲೆಗೆ ಬಂದ. ಯಾರೋ ಮತ್ತೆ ತಾಟು ಹಿಡಿಯಲು ಬಂದರು. ದುಂಡೇಶ ಬಾಯಿಗೆ ಕೈ ಅಡ್ಡ ಹಿಡಿದು, ಇನ್ನೊಂದು ಕೈಯಿಂದ ಕಾಗದ ತೆಗೆದು ರಾವಸಾಹೇಬರ ತೊಡೆಯ ಮೇಲಿಟ್ಟ. ರಾವಸಾಹೇಬರು ಈ ಸಲ ಕನ್ನಡಕ ಹಾಕಿಕೊಂಡಿದ್ದರು. ಓದಿದರು. ‘ಈ ಭೂಮಿಯ ಮೇಲೆ ಎಲ್ಲಿಯೂ ಇರುವುದಿಲ್ಲ’ ಎಂಬ ಸಾಲನ್ನು ಗಟ್ಟಿಯಾಗಿ ಓದಿದರು. ಪಡಸಾಲೆಯಲ್ಲಿ ಚೂಡಾ ಅಗಿಯುವ ಸದ್ದು ನಿಂತಿತು.

“ಸರಕಾರಿ ಸ್ಟಾಂಪ್ ಹೊಡಸಿ, ಜಮೀನಿಲ್ಲ ಅಂತ ಕನ್ಯಾ ನೋಡಾಕ ಬಂದೀರಿ?”

“ಎರಡ ಇಪ್ಪತ್ತ ಐತ್ರಿ ಮಾಮಾ. ಫೋನಿನ್ಯಾಗ ಹೇಳಿದ್ರ ಯಾರೂ ನಂಬಲಿಲ್ಲ.”

“ಅಪ್ಪಾ, ಅದು ನನ್ನ ಫಾರ್ಮಿನ ತಪ್ಪು. ನನಗ ಮೊದಲ ಗೊತ್ತಿತ್ತು,” ಎಂದಳು ಬಾಗಿಲಲ್ಲಿ ನಿಂತ ದೀಪಾಲಿ.

ರಾವಸಾಹೇಬರು ಮಗಳನ್ನು ನೋಡಿದರು, ಕಾಗದವನ್ನು ನೋಡಿದರು, ಭಾವಕಿಯವರನ್ನು ನೋಡಿದರು. ಅವರ ಹಣೆಯ ಮೇಲೆ ಬೆವರೊಡೆದಿತ್ತು. ದುಂಡೇಶ ಆ ಬೆವರನ್ನು ಗುರುತಿಸಿದ. ಒಂದು ವಾರದಿಂದ ಅದು ಅವನದೇ ಆಗಿತ್ತು.

“ಲೇ ಮಗಳ!” ಎಂದು ಅವರು ದನಿ ಎತ್ತಿದರು. “ನಾ ಊರ ತುಂಬ ಹೇಳೇನಲ್ಲಬೇ! ಹಾಲಿನ ಡೇರ್ಯಾಗ ಹೇಳೇನಿ, ಸೊಸೈಟ್ಯಾಗ ಹೇಳೇನಿ, ನಿಪ್ಪಾಣಿ ಅಡತಿ ಅಂಗಡ್ಯಾಗ ಮೈಕ್ ಇಲ್ಲದ ಮೈಕಿನ್ಯಾಗ ಹೇಳಿದಂಗ ಹೇಳೇನಿ! ಈಗ ಅವರ ಮುಂದ ಹ್ಯಾಂಗ ಹೋಗಲಿ?” ಪಟಕ ತೆಗೆದರು, ಮತ್ತೆ ಇಟ್ಟರು. ಎದ್ದರು, ಕೂತರು. “ಪಾವಣ್ಯಾರ,” ಎಂದು ಅತಿಥಿಯನ್ನು ಕರೆದು ದುಂಡೇಶನ ಕಿವಿಯ ಹತ್ತಿರ ಬಂದರು, “ಲಗ್ನ ಆಗೂತನಕ ಇದು ಹಿಂಗ ಇರ್ಲಿ. ಆಮ್ಯಾಲ ನೋಡಿದ್ರಾತು.”

ದುಂಡೇಶನಿಗೆ ಅವರ ಮೇಲೆ ಮರುಕ ಬಂತು. ಎಷ್ಟೋ ದಿನಗಳ ಮೇಲೆ ಅವನ ಅಂಗೈ ಒಣಗಿತ್ತು. “ಬ್ಯಾಡ್ರಿ ಮಾಮಾ,” ಅಂದ ಮೆಲ್ಲಗೆ, ಜ್ವರ ಬಂದವರಿಗೆ ಹೇಳುವಂತೆ. “ಈಗ ಹೇಳಿಬಿಡ್ರಿ. ಒಂದ ಫೋನಿಗೆ ಮುಗೀತೈತಿ. ಇಟಗೊಂಡ್ರ ನಿದ್ದಿ ಬರಂಗಿಲ್ಲ, ಊಟ ಸೇರಂಗಿಲ್ಲ. ನನಗ ಗೊತ್ತೈತಿ.”

ರಾವಸಾಹೇಬರು ಅಂಗಳಕ್ಕೆ ಹೋದರು. ಕಾರಿನ ಸುತ್ತ ನಡೆದರು. ಎಮ್ಮೆಯ ಮುಂದೆ ನಿಂತು ಅದಕ್ಕೇನೋ ಹೇಳಿದರು. ಒಳಗೆ ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದರು. ಸಿದ್ದಲಿಂಗ ಮಾತ್ರ ಉಳಿದ ಲಾಡು ತಿಂದ. ಬಸ್ಸಿನಲ್ಲಿ ಹಸಿವಾಗಬಾರದೆಂದು.

ಮರಳಿ ಬಂದ ರಾವಸಾಹೇಬರು ಬಾಗಿಲಲ್ಲೇ ನಿಂತು ಕೇಳಿದರು: “ಆ ಎರಡ ಇಪ್ಪತ್ತರಾಗ ನೀರ ಐತೇನು?”

“ಬಾವಿ ಐತ್ರಿ. ಅರ್ಧ ನಂದು, ಅರ್ಧ ಅಣ್ಣಾಸಾಬ ದಾದಾಂದು.”

“ಅರ್ಧ,” ಎಂದು ರಾವಸಾಹೇಬರು ಆ ಮಾತನ್ನು ಬಾಯಿಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡರು. ಪೂರ್ತಿ ಬಾವಿ ತನ್ನದೇ ಎನ್ನಲು ಆ ಗಳಿಗೆಯಲ್ಲಿ ದುಂಡೇಶನಿಗೆ ಯಾರ ಅಡ್ಡಿಯೂ ಇರಲಿಲ್ಲ. ಅವರು ಅಡುಗೆಮನೆಯ ಕಡೆ ತಿರುಗಿ ಹೆಂಡತಿಗೆ ಕೂಗಿದರು, “ಏ, ಕೇಳಿದೇನ? ಪಾವಣ್ಯಾರಿಗೆ ಊಟಕ್ಕ ಹಾಕ್ರಿ.” ಕನ್ಯಾ ನೋಡಲು ಬಂದವರಿಗೆ ಚಹಾ ಎಲ್ಲರೂ ಕೊಡುತ್ತಾರೆ. ಊಟಕ್ಕೆ ಹಾಕಿದರೆಂದರೆ ಮುಂದಿನದ್ದನ್ನು ಯಾರೂ ಬಾಯಿಬಿಟ್ಟು ಕೇಳಬೇಕಾಗಿಲ್ಲ.

ಊಟಕ್ಕೆ ಕೂತಾಗಲೇ ರಾವಸಾಹೇಬರು ಹಾಲಿನ ಡೇರಿಯವರಿಗೆ ಫೋನು ಹಚ್ಚಿ ನಿಜ ಹೇಳಿದರು. ಆಚೆಯವರು ನಂಬಲಿಲ್ಲ. “ದೃಷ್ಟಿ ತಾಗಬಾರದಂತ ಹಂಗ ಅಂತೀರಿ, ಗೊತ್ತೈತಿ ನಮಗ” ಎಂದು ನಕ್ಕರು.

ಸಂಜೆಯ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಬೆಳಿಗ್ಗೆ ತಲಾಟಿಗೆ ಕೊಡಬೇಕಾದ ಕಾಗದ ಮತ್ತೆ ದುಂಡೇಶನ ಕಿಸೆಯಲ್ಲಿತ್ತು. ಸಿದ್ದಲಿಂಗ ಟೊಪ್ಪಿಗೆ ಮುಖದ ಮೇಲೆ ಎಳೆದುಕೊಂಡು ಮಲಗಿದ. ಸಕ್ಕುಬಾಯಿ ಕಿಟಕಿಯ ಬಳಿ ಕೂತು, ಹೊರಗೆ ಹರಡಿದ್ದ ಯಾರ್‍ಯಾರದೋ ಕಬ್ಬು, ಯಾರ್‍ಯಾರದೋ ತಂಬಾಕು ನೋಡುತ್ತಿದ್ದಳು. ಚಿಕ್ಕೋಡಿ ಹತ್ತಿರ ಬಂದಾಗ ಅವಳು ಮಗನ ಕಡೆ ಬಾಗಿದಳು.

“ದುಂಡ್ಯಾ. ಅಂದ್ರ ಖರೇನ ಎರಡ ಇಪ್ಪತ್ತ ಏನೋ?”

“ಹೌದವ್ವಾ. ಎರಡ ಇಪ್ಪತ್ತ.”

ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು. ಹೊಲಗಳು ಹಿಂದಕ್ಕೆ ಹೋಗುತ್ತಲೇ ಇದ್ದವು.

“ಇರ್ಲಿ ಬಿಡು,” ಅಂದಳು ಕಡೆಗೆ, ಸೆರಗಿನಿಂದ ಮುಖ ಒರೆಸಿಕೊಂಡು. “ಅಷ್ಟೂ ಹೊಲಕ್ಕ ನೀರ ಹಾಯಸೂದು ಯಾರ ಕೈಲಿ ಆಗತಿತ್ತು? ವಾರದಿಂದ ಅದ ಚಿಂತಿ ಹತ್ತಿತ್ತ ನನಗ.”